ಎಲ್ಲರನ್ನೂ ಪಾಸ್ ಮಾಡಿದರೆ ಮಕ್ಕಳು ಹಾಳಾಗುತ್ತಾರಾ? ಫೇಲ್ ಮಾಡಿದರೆ ಕಲಿಯುತ್ತಾರಾ?

ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಮೂರು ಬಗೆಯ ಸಂದೇಶಗಳು ತಪ್ಪದೆ ಓಡಾಡುತ್ತವೆ. ಕೇಂದ್ರ ಸರ್ಕಾರ ‘ಎಲ್ಲರೂ ಪಾಸ್’ ಪದ್ಧತಿಯನ್ನು ರದ್ದು ಮಾಡಿದೆ, ಇನ್ನು ಐದು ಮತ್ತು ಎಂಟನೇ ತರಗತಿಯಲ್ಲಿ ಮಕ್ಕಳು ಫೇಲ್ ಆಗುತ್ತಾರೆ ಎನ್ನುವುದು ಒಂದು. ಫಿನ್ಲೆಂಡ್‌ನಲ್ಲಿ ಪರೀಕ್ಷೆಯೂ ಇಲ್ಲ, ಫೇಲೂ ಇಲ್ಲ, ಅದಕ್ಕೇ ಅಲ್ಲಿಯ ಮಕ್ಕಳು ಜಾಣರು ಎನ್ನುವುದು ಇನ್ನೊಂದು. ನಮ್ಮ ಕಾಲದಲ್ಲಿ ಏಳನೇ ಕ್ಲಾಸಿಗೇ ಪಬ್ಲಿಕ್ ಪರೀಕ್ಷೆ ಇತ್ತು, ಹೆದರಿಕೆ ಇತ್ತು, ಅದಕ್ಕೇ ಓದು ಬರುತ್ತಿತ್ತು ಎನ್ನುವುದು ಮೂರನೆಯದು. ಇದನ್ನು ಸಾಮಾನ್ಯವಾಗಿ ಗುಂಪಿನ ಹಿರಿಯರೊಬ್ಬರು ಕಳಿಸುತ್ತಾರೆ.

ಮೂರರಲ್ಲೂ ಸ್ವಲ್ಪ ನಿಜ ಇದೆ. ಪೂರ್ತಿ ನಿಜ ಯಾವುದರಲ್ಲೂ ಇಲ್ಲ.

ಕಾನೂನು ನಿಜವಾಗಿ ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಒಂದರಿಂದ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸುವಂತಿಲ್ಲ, ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ ಎಂದು ಅದರ 16ನೇ ಕಲಂ ಹೇಳಿತು. ಜನರ ಬಾಯಲ್ಲಿ ಇದೇ ‘ಎಲ್ಲರೂ ಪಾಸ್’ ಆಯಿತು. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿತ್ತು. ವರ್ಷದ ಕೊನೆಯ ಒಂದು ಪರೀಕ್ಷೆಯ ಬದಲು ವರ್ಷವಿಡೀ ಮಗುವಿನ ಕಲಿಕೆಯನ್ನು ಗಮನಿಸಬೇಕು, ಹಿಂದೆ ಬಿದ್ದ ಕಡೆ ಕೂಡಲೇ ಕೈಹಿಡಿಯಬೇಕು. ನಮ್ಮ ಶಾಲೆಗಳಲ್ಲಿ ಎಫ್.ಎ., ಎಸ್.ಎ. ಎಂದು ಕರೆಯುವ ಮೌಲ್ಯಮಾಪನಗಳ ಬೇರು ಇಲ್ಲಿದೆ. ಮೊದಲನೆಯ ಮಾತು ಎಲ್ಲೆಡೆ ಜಾರಿಯಾಯಿತು, ಏಕೆಂದರೆ ಅದಕ್ಕೆ ಖರ್ಚಿಲ್ಲ. ಎರಡನೆಯದು ಬಹುಪಾಲು ರಿಜಿಸ್ಟರ್ ತುಂಬುವ ಕೆಲಸವಾಗಿ ಉಳಿಯಿತು. ಎರಡು ಕಾಲಿನ ಮೇಲೆ ನಿಲ್ಲಬೇಕಿದ್ದ ನೀತಿ ಒಂದೇ ಕಾಲಲ್ಲಿ ನಿಂತಿತು.

2019ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ಮಾಡಿತು. ಅದರ ಪ್ರಕಾರ ಐದನೇ ಮತ್ತು ಎಂಟನೇ ತರಗತಿಯ ಕೊನೆಗೆ ಪರೀಕ್ಷೆ ನಡೆಸಬೇಕು. ಪಾಸಾಗದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆಗೆ ಅವಕಾಶ ಕೊಡಬೇಕು. ಆಗಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಲು ಶಾಲೆಗಳಿಗೆ ಬಿಡಬೇಕೋ ಬೇಡವೋ ಎಂಬುದನ್ನು ಆಯಾ ಸರ್ಕಾರವೇ ತೀರ್ಮಾನಿಸಬಹುದು. ‘ಫೇಲ್ ಮಾಡಲೇಬೇಕು’ ಎಂದು ಈ ತಿದ್ದುಪಡಿ ಎಲ್ಲೂ ಹೇಳುವುದಿಲ್ಲ.

ಇದರ ಆಧಾರದ ಮೇಲೆ ಕೇಂದ್ರವು 2024ರ ಡಿಸೆಂಬರ್‌ನಲ್ಲಿ ನಿಯಮಗಳನ್ನು ಹೊರಡಿಸಿತು. ಇವು ಕೇಂದ್ರ ಸರ್ಕಾರದ್ದೇ ಆದ ಶಾಲೆಗಳಿಗೆ, ಅಂದರೆ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳಂಥ 3,000ಕ್ಕೂ ಹೆಚ್ಚು ಶಾಲೆಗಳಿಗೆ ಸಂಬಂಧಿಸಿದವು. ದೆಹಲಿಯೂ ಸೇರಿ 16 ರಾಜ್ಯಗಳು ಮತ್ತು 2 ಕೇಂದ್ರಾಡಳಿತ ಪ್ರದೇಶಗಳು ಆ ವೇಳೆಗಾಗಲೇ ತಮ್ಮಲ್ಲಿ ‘ಎಲ್ಲರೂ ಪಾಸ್’ ನಿಲ್ಲಿಸಿದ್ದವು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಸಂದೇಶ ತಪ್ಪುವುದು ಇಲ್ಲೇ. ದೆಹಲಿಯ ಸುದ್ದಿಯನ್ನು ಅದು ಇಡೀ ದೇಶದ ಸುದ್ದಿಯಾಗಿ ಹೇಳುತ್ತದೆ.

ಆಗ ಅನೇಕ ಪೋಷಕರನ್ನು ಕಾಡಿದ ಪ್ರಶ್ನೆ: ನಮ್ಮ ಮಗು ಸಿಬಿಎಸ್‌ಇ ಶಾಲೆಯಲ್ಲಿದೆ, ಹಾಗಾದರೆ ಕೇಂದ್ರದ ನಿಯಮವೇ ಅಲ್ಲವೇ? ಅಲ್ಲ. ಕಾಯ್ದೆ ನೋಡುವುದು ಶಾಲೆಯ ಪಠ್ಯಕ್ರಮವನ್ನಲ್ಲ, ಶಾಲೆ ಯಾರದ್ದು ಎಂಬುದನ್ನು. ಕರ್ನಾಟಕದಲ್ಲಿರುವ ಖಾಸಗಿ ಸಿಬಿಎಸ್‌ಇ ಶಾಲೆಗೆ ಈ ವಿಷಯದಲ್ಲಿ ‘ಸರ್ಕಾರ’ ಎಂದರೆ ರಾಜ್ಯ ಸರ್ಕಾರ.

ನಮ್ಮ ರಾಜ್ಯದ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 2023ರಲ್ಲಿ ಐದು ಮತ್ತು ಎಂಟನೇ ತರಗತಿಗೆ, 2024ರಲ್ಲಿ ಒಂಬತ್ತು ಮತ್ತು ಹನ್ನೊಂದನ್ನೂ ಸೇರಿಸಿ, ಬೋರ್ಡ್ ಮಟ್ಟದ ಮೌಲ್ಯಾಂಕನ ನಡೆಸಲು ಹೊರಟಾಗ ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಮಾರ್ಚ್‌ನಲ್ಲಿ ಪರೀಕ್ಷೆ ಆರಂಭವಾಗಿ, ನಡುವೆ ನಿಂತು, ಮತ್ತೆ ನಡೆದು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಗುವಿಗೆ ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ. ಫೇಲ್ ಮಾಡುವ ಉದ್ದೇಶವಿಲ್ಲ ಎಂದು ಇಲಾಖೆ ಹೇಳಿದರೂ ಮನೆಮನೆಗೆ ತಲುಪಿದ್ದು ‘ಬೋರ್ಡ್ ಎಕ್ಸಾಮ್’ ಎಂಬ ಪದ ಮಾತ್ರ.

52ರಿಂದ 17 ಕಳೆದರೆ 45

ಕಾನೂನು ಬದಿಗಿರಲಿ. ಒಂದು ಮಗುವನ್ನು ಅದೇ ತರಗತಿಯಲ್ಲಿ ಉಳಿಸಿದರೆ ಒಳಗೆ ಏನು ನಡೆಯುತ್ತದೆ ಎಂಬುದು ಇಡೀ ಚರ್ಚೆಯ ತಿರುಳು. ಅದರ ಬಗ್ಗೆ ಸಂದೇಶಗಳು ಏನೂ ಹೇಳುವುದಿಲ್ಲ.

ಐದನೇ ತರಗತಿಯ ಒಂದು ಮಗು ಭಾಗಾಕಾರದಲ್ಲಿ ಸೊನ್ನೆ ತೆಗೆದುಕೊಂಡಿದೆ ಎಂದುಕೊಳ್ಳಿ. ಅದಕ್ಕೆ 52ರಿಂದ 17 ಕಳೆಯಲು ಹೇಳಿ ನೋಡಿ. ಉತ್ತರ 45 ಎಂದು ಬರೆದರೆ ಮೂಲ ಎಲ್ಲಿದೆ ಎಂದು ತಿಳಿಯುತ್ತದೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಅದಕ್ಕೆ ಮಗು 7ರಿಂದ 2 ಕಳೆದು 5 ಬರೆದಿದೆ. ಹತ್ತರ ಸ್ಥಾನದಿಂದ ದಶಕ ತರುವುದು ಅದಕ್ಕೆ ಗೊತ್ತಿಲ್ಲ. ಅದು ಎರಡನೇ ತರಗತಿಯ ಪಾಠ. ಭಾಗಾಕಾರ ಮಾಡುವಾಗ ಪ್ರತಿ ಹೆಜ್ಜೆಯಲ್ಲೂ ಕಳೆಯಬೇಕು, ಆದ್ದರಿಂದ ಭಾಗಾಕಾರ ಎಷ್ಟು ಸಲ ಹೇಳಿಕೊಟ್ಟರೂ ತಪ್ಪೇ ಬರುತ್ತದೆ.

ಈಗ ಈ ಮಗುವನ್ನು ಫೇಲ್ ಮಾಡಿದೆವು. ಮುಂದಿನ ಜೂನ್‌ನಲ್ಲಿ ಅದು ಮತ್ತೆ ಐದನೇ ತರಗತಿಯಲ್ಲಿ ಕೂರುತ್ತದೆ. ಅದೇ ಪುಸ್ತಕ, ಅದೇ ಭಾಗಾಕಾರ, ಬಹುಶಃ ಅದೇ ಶಿಕ್ಷಕರು. ದಶಕ ತರುವುದನ್ನು ಐದನೇ ತರಗತಿಯಲ್ಲಿ ಯಾರೂ ಕಲಿಸುವುದಿಲ್ಲ, ಏಕೆಂದರೆ ಅದು ಅಲ್ಲಿಯ ಪಾಠವಲ್ಲ. ಅಂದರೆ ಫೇಲಾದ ಮಗುವಿಗೆ ತನಗೆ ಅರ್ಥವಾಗದ ಪಾಠವನ್ನು ಎರಡನೇ ಸಲ ಕೇಳುವ ಶಿಕ್ಷೆ ಸಿಗುತ್ತದೆ. ಪಾಸ್ ಮಾಡಿದರೆ? ಆರನೇ ತರಗತಿಗೆ ಹೋಗಿ ದಶಮಾಂಶ, ಭಿನ್ನರಾಶಿ ಕೇಳುತ್ತದೆ. ಅಲ್ಲೂ ದಶಕ ತರುವುದನ್ನು ಯಾರೂ ಹೇಳಿಕೊಡುವುದಿಲ್ಲ. ಎರಡೂ ದಾರಿಯಲ್ಲಿ ಮಗುವಿಗೆ ಬೇಕಾದ್ದು ಮಾತ್ರ ಸಿಗಲಿಲ್ಲ.

ಓದಿನ ವಿಷಯವೂ ಇದೇ. ಒತ್ತಕ್ಷರ ಬಂದ ಕೂಡಲೇ ಎಡವುವ ಮಕ್ಕಳು ನಮ್ಮಲ್ಲಿ ಬಹಳ. ಅಂಥ ಮಗುವಿಗೆ ವಿಜ್ಞಾನದಲ್ಲಿ ಹತ್ತು ಅಂಕ ಬಂದರೆ ಅದಕ್ಕೆ ವಿಜ್ಞಾನ ಬರುವುದಿಲ್ಲ ಎಂದು ಹೇಳಲಾಗದು. ಪ್ರಶ್ನೆಯನ್ನೇ ಅದು ಓದಿಲ್ಲ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಮಾತಾಡಿ ಶಾಲೆಯಲ್ಲಿ ಮೊದಲ ಸಲ ಪುಸ್ತಕದ ಕನ್ನಡ ಕೇಳುವ ಮಕ್ಕಳಿಗೆ, ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಮೂರು ತಿಂಗಳು ತಪ್ಪಿಸಿಕೊಳ್ಳುವ ಮಕ್ಕಳಿಗೆ ಈ ಕೊರತೆ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ.

ಫೇಲ್ ಮಾಡಿ ನೋಡಿದವರಿಗೆ ಏನು ಸಿಕ್ಕಿತು?

ಇದನ್ನು ಅಳೆಯುವುದು ಸುಲಭವಲ್ಲ. ಫೇಲಾದವರನ್ನೂ ಪಾಸಾದವರನ್ನೂ ನೇರವಾಗಿ ಹೋಲಿಸಿದರೆ ಫೇಲಾದವರು ಹಿಂದೆ ಇರುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಅದಕ್ಕೆ ಸಂಶೋಧಕರು ಗಡಿಯ ಎರಡೂ ಬದಿಯ ಮಕ್ಕಳನ್ನು ನೋಡುತ್ತಾರೆ. 35 ಪಾಸ್ ಆದರೆ, 34 ತೆಗೆದವನಿಗೂ 36 ತೆಗೆದವನಿಗೂ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಒಬ್ಬ ಉಳಿದ, ಒಬ್ಬ ಮುಂದೆ ಹೋದ. ಕೆಲವು ವರ್ಷ ಬಿಟ್ಟು ಇಬ್ಬರೂ ಎಲ್ಲಿದ್ದಾರೆ ಎಂದು ನೋಡಿದರೆ ಫೇಲ್ ಮಾಡಿದ್ದರಿಂದ ಏನಾಯಿತು ಎಂಬುದು ಸ್ವಲ್ಪ ನಂಬುವಂತೆ ಗೊತ್ತಾಗುತ್ತದೆ.

ಅಮೆರಿಕದ ಶಿಕಾಗೊ ನಗರ 1996ರಲ್ಲಿ ‘ಎಲ್ಲರೂ ಪಾಸ್’ ಸಾಕು ಎಂದು ತೀರ್ಮಾನಿಸಿ ಮೂರು, ಆರು, ಎಂಟನೇ ತರಗತಿಯಲ್ಲಿ ತೇರ್ಗಡೆ ಪರೀಕ್ಷೆ ಕಡ್ಡಾಯ ಮಾಡಿತು. ಎರಡು ವರ್ಷದ ನಂತರ ನೋಡಿದಾಗ ಮೂರನೇ ತರಗತಿಯಲ್ಲಿ ಉಳಿದವರು ತಮ್ಮಂಥವರಿಗಿಂತ ಮುಂದೆ ಹೋಗಿರಲಿಲ್ಲ, ಆರನೇ ತರಗತಿಯಲ್ಲಿ ಉಳಿದವರು ಇನ್ನೂ ಹಿಂದೆ ಬಿದ್ದಿದ್ದರು. ಎಂಟನೇ ತರಗತಿಯಲ್ಲಿ ಉಳಿಸಿಕೊಂಡವರಲ್ಲಿ ಶಾಲೆ ಬಿಡುವವರು ಹೆಚ್ಚಾದರು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಪ್ರೌಢಶಾಲೆಯ ಆರಂಭದ ತರಗತಿಗಳಲ್ಲಿ ಫೇಲಾದ ಮಕ್ಕಳನ್ನು ಹಿಂಬಾಲಿಸಿದಾಗಲೂ ಅದೇ ಕಂಡಿತು. ಬಹಳ ಮಂದಿ ಶಾಲೆಯನ್ನೇ ಬಿಟ್ಟರು.

ಆದರೆ ಫೇಲ್ ಪರವಾದವರು ಎತ್ತುವ ಒಂದು ಉದಾಹರಣೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಫ್ಲಾರಿಡಾ ರಾಜ್ಯ 2002ರಲ್ಲಿ ಕಾನೂನು ಮಾಡಿ, ಮೂರನೇ ತರಗತಿಯ ಕೊನೆಗೆ ಓದಲು ಬಾರದ ಮಕ್ಕಳನ್ನು ಅಲ್ಲೇ ಉಳಿಸಿತು. ಆ ಮಕ್ಕಳು ಮೊದಲ ಕೆಲವು ವರ್ಷ ಚೆನ್ನಾಗಿಯೇ ಮುಂದೆ ಬಂದರು. ಆಮೇಲೆ ಆ ಲಾಭ ಕರಗುತ್ತಾ ಹೋಯಿತು, ಆದರೂ ಶಾಲೆ ಮುಗಿಸುವವರ ಸಂಖ್ಯೆಗೆ ಪೆಟ್ಟು ಬೀಳಲಿಲ್ಲ. ಹಾಗಾದರೆ ಫೇಲ್ ಮಾಡುವುದು ಕೆಲಸ ಮಾಡಿತೇ? ಆ ಕಾನೂನಿನಲ್ಲಿ ಇನ್ನೂ ಏನಿತ್ತು ನೋಡಿ: ಬೇಸಿಗೆಯಲ್ಲಿ ಓದಿನ ಶಿಬಿರ, ಮರುವರ್ಷ ದಿನಕ್ಕೆ 90 ನಿಮಿಷ ಓದಿಗೇ ಮೀಸಲು, ಉತ್ತಮ ಸಾಧನೆಯ ಶಿಕ್ಷಕರ ಕೈಗೇ ಆ ಮಕ್ಕಳು. ಇಷ್ಟನ್ನು ಕೊಟ್ಟರೆ ಯಾವ ತರಗತಿಯಲ್ಲಿ ಕೂತ ಮಗುವೂ ಸ್ವಲ್ಪ ಕಲಿಯುತ್ತದೆ. ನಮ್ಮಲ್ಲಿ ‘ಫೇಲ್ ಮಾಡಿ’ ಎನ್ನುವವರು ಫ್ಲಾರಿಡಾದಿಂದ ಮೊದಲ ಅರ್ಧವನ್ನು ಮಾತ್ರ ತರಲು ಹೊರಟಂತೆ ಕಾಣುತ್ತದೆ.

ಇನ್ನು ಫಿನ್ಲೆಂಡ್. ಅಲ್ಲಿ ಚಿಕ್ಕ ತರಗತಿಗಳಲ್ಲಿ ದೇಶಮಟ್ಟದ ಪಬ್ಲಿಕ್ ಪರೀಕ್ಷೆ ಇಲ್ಲ ಎಂಬುದು ನಿಜ. ಪರೀಕ್ಷೆಯೇ ಇಲ್ಲ ಎಂಬುದು ಸುಳ್ಳು. ಶಿಕ್ಷಕರು ತಾವೇ ಪರೀಕ್ಷೆ ಮಾಡಿ ಅಂಕ ಕೊಡುತ್ತಾರೆ. ಅಲ್ಲಿಯ ಅಂಕಪಟ್ಟಿ 4ರಿಂದ 10ರವರೆಗೆ, ಅದರಲ್ಲಿ 4 ಎಂದರೆ ಫೇಲ್! ಅದೇ ತರಗತಿಯಲ್ಲಿ ಉಳಿಸಲು ಅವಕಾಶವೂ ಇದೆ. ಆದರೆ ಅದು ಬಹಳ ಅಪರೂಪ, ಏಕೆಂದರೆ ಮಗು ಎಡವಿದ ವಾರದಲ್ಲೇ ವಿಶೇಷ ಶಿಕ್ಷಕರು ಪಕ್ಕಕ್ಕೆ ಕೂರಿಸಿಕೊಂಡು ಕಲಿಸುವ ವ್ಯವಸ್ಥೆ ಶಾಲೆಯಲ್ಲೇ ಇದೆ. ಫೇಲ್ ಎಂಬ ಪದವನ್ನು ತೆಗೆದುಹಾಕಿ ಅವರು ಗೆದ್ದದ್ದಲ್ಲ.

‘ಎಲ್ಲರೂ ಪಾಸ್’ ಬಂದ ಮೇಲೆ ಮಟ್ಟ ಕುಸಿಯಿತೇ?

ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠ ಕೊಟ್ಟು ಓದಿಸುತ್ತಾರೆ. 2008ರಲ್ಲಿ ಓದಿದವರು ಶೇ. 56ರಷ್ಟು. 2018ರಲ್ಲಿ ಸುಮಾರು ಶೇ. 50. ಕೋವಿಡ್ ನಂತರ, 2022ರಲ್ಲಿ ಶೇ. 42.8. 2024ರಲ್ಲಿ ಮತ್ತೆ ಏರಿ ಶೇ. 48.8. ಅದೇ 2024ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಭಾಗಾಕಾರ ಮಾಡಿದವರು ಶೇ. 30.7 ಮಾತ್ರ.

2010ರ ನಂತರ ಇಳಿಕೆ ಆಗಿದೆ, ಟೀಕಾಕಾರರು ಹೇಳುವುದರಲ್ಲಿ ಹುರುಳಿದೆ. ‘ಹೇಗಿದ್ದರೂ ಪಾಸ್’ ಎಂಬ ಭಾವನೆ ಶಾಲೆಯಲ್ಲೂ ಮನೆಯಲ್ಲೂ ಸ್ವಲ್ಪ ಸಡಿಲ ತಂದಿರಬಹುದು. ಆದರೆ 2008ರ ಅಂಕಿಯನ್ನು ಇನ್ನೊಮ್ಮೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಬಂದಿಲ್ಲದ ಆ ವರ್ಷವೂ ನೂರಕ್ಕೆ 44 ಮಕ್ಕಳು ಓದುತ್ತಿರಲಿಲ್ಲ. ಕಾಯಿಲೆ ಕಾಯ್ದೆಗಿಂತ ಹಳೆಯದು.

‘ನಮ್ಮ ಕಾಲದಲ್ಲಿ’ ಎನ್ನುವ ಸಂದೇಶದ ದೋಷವೂ ಇಲ್ಲೇ ಇದೆ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ದಾಟಿದವರು ಇಂದು ಗುಂಪಿನಲ್ಲಿ ಬರೆಯುತ್ತಿದ್ದಾರೆ. ದಾಟದೆ ಹೊಲಕ್ಕೋ ಹೋಟೆಲಿಗೋ ಹೋದ ಸಹಪಾಠಿಗಳು ಆ ಗುಂಪಿನಲ್ಲಿ ಇಲ್ಲ. 1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 56, 2011ರಲ್ಲಿ ಶೇ. 75. ಓದು ಬಾರದವರೆಲ್ಲ ಫೇಲಾದವರೇನಲ್ಲ, ಶಾಲೆಯ ಮೆಟ್ಟಿಲನ್ನೇ ಹತ್ತದವರು ಬಹಳ. ಆದರೂ ಆಗಿನ ಶಾಲೆ ಚೆನ್ನಾಗಿ ಕಾಣುವುದಕ್ಕೆ ಒಂದು ಕಾರಣ, ಕಷ್ಟದ ಮಕ್ಕಳು ಅದರೊಳಗೆ ಇರಲಿಲ್ಲ ಎಂಬುದು. ಹೆಣ್ಣುಮಕ್ಕಳ ಮಟ್ಟಿಗೆ ಇದು ಇಂದಿಗೂ ಗಂಭೀರ. ಬಡ ಮನೆಯಲ್ಲಿ ಮಗಳು ಫೇಲಾದಳು ಎಂದರೆ ಶಾಲೆ ಬಿಡಿಸಲು ಒಂದು ನೆಪ ಸಿಕ್ಕಂತೆ.

ಹಾಗಾದರೆ ಪದ ಬದಲಿಸಿದರೆ ಸಾಕೇ?

2020ರಲ್ಲಿ ಸಿಬಿಎಸ್‌ಇ ಅಂಕಪಟ್ಟಿಯಿಂದ ‘ಫೇಲ್’ ತೆಗೆದು, ಮತ್ತೆ ಬರೆಯುವುದು ಅಗತ್ಯ ಎಂಬ ಅರ್ಥದ ‘ಎಸೆನ್ಷಿಯಲ್ ರಿಪೀಟ್’ ಎಂದು ಹಾಕಿತು. ಮಗುವಿನ ಮನಸ್ಸಿಗೆ ಇದರಿಂದ ಸ್ವಲ್ಪ ಹಿತವಾಗಬಹುದು, ಬೇಡ ಎನ್ನಲು ಕಾರಣವಿಲ್ಲ. ಆದರೆ ಹತ್ತು ದಿನದಲ್ಲಿ ಮಕ್ಕಳು ಹೊಸ ಪದದ ಅರ್ಥವನ್ನೂ ಕಂಡುಹಿಡಿಯುತ್ತಾರೆ.

ನಮ್ಮ ಎಸ್‌ಎಸ್‌ಎಲ್‌ಸಿ ಇನ್ನೂ ದೊಡ್ಡ ಪಾಠ ಹೇಳುತ್ತದೆ. 2023ರಲ್ಲಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನೇರವಾಗಿ ನೋಡಿದ ಮೇಲೆ, ಕೃಪಾಂಕವನ್ನು ಶೇ. 20ರವರೆಗೆ ಹೆಚ್ಚಿಸಿಯೂ ಬಂದದ್ದು ಶೇ. 73.40. ಮರುವರ್ಷ ಆ ಕೃಪಾಂಕ ಇಲ್ಲದೆ, ಮೊದಲ ಪರೀಕ್ಷೆಯಲ್ಲಿ ಶಾಲಾ ವಿದ್ಯಾರ್ಥಿಗಳ ಫಲಿತಾಂಶ ಶೇ. 66.14. ಮೂರು ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಇಳಿಯುವುದಿಲ್ಲ. ಬದಲಾದದ್ದು ಅಳತೆಗೋಲು. ಈಗ 2025-26ನೇ ಸಾಲಿನಿಂದ ಪಾಸಾಗಲು ಒಟ್ಟು 625ಕ್ಕೆ 206 ಅಂಕ, ಅಂದರೆ ಶೇ. 33 ಸಾಕು ಎಂದು ಮಾಡಲಾಗಿದೆ. ಶೇಕಡಾವಾರು ಮತ್ತೆ ಏರಿದರೆ ಅದನ್ನು ಕಲಿಕೆ ಏರಿದೆ ಎಂದು ಓದಬಾರದು.

ಕೊರತೆಯನ್ನು ಅಂಕದ ಹಿಂದೆ ಮುಚ್ಚಿಟ್ಟರೆ ಪೋಷಕರಿಗೇ ಮೋಸ. ಎಂಟು ವರ್ಷ ಎ, ಬಿ+ ಎಂದು ತಂದ ಮಗುವಿಗೆ ಓದಲು ಬರುವುದಿಲ್ಲ ಎಂದು ಒಂಬತ್ತನೇ ತರಗತಿಯಲ್ಲಿ ಗೊತ್ತಾದರೆ ಏನು ಮಾಡಲಾದೀತು? ಕಾಯ್ದೆಯ ರಕ್ಷಣೆ ಎಂಟಕ್ಕೆ ಮುಗಿಯುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ನೂರಕ್ಕೆ ನೂರು ಇರಬೇಕೆಂದು ಒಂಬತ್ತರಲ್ಲೇ ಮಕ್ಕಳನ್ನು ಜರಡಿ ಹಿಡಿಯುವ ಶಾಲೆಗಳಿವೆ. ಅಲ್ಲಿ ಬೀಳುವ ಮಗು ನಿಜವಾಗಿ ಬಿದ್ದದ್ದು ಎರಡನೇ ತರಗತಿಯಲ್ಲಿ.

ನಮ್ಮ ಅಭಿಪ್ರಾಯ ಇಷ್ಟು: ಎಂಟನೇ ತರಗತಿಯವರೆಗೆ ಫೇಲ್ ಮಾಡಿ ಉಳಿಸುವುದನ್ನು ಮತ್ತೆ ತರಬಾರದು. ಆದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಪ್ರತಿ ವರ್ಷ ಪೋಷಕರಿಗೆ ಸಿಹಿಮಾತಿಲ್ಲದೆ ಹೇಳಬೇಕು. ಹತ್ತನೇ ತರಗತಿಯ ಪ್ರಮಾಣಪತ್ರದ ಪರೀಕ್ಷೆ ಬೇರೆ ವಿಷಯ. ಅಲ್ಲಿ ಅಂಕ ನಿಜವಿರಬೇಕು, ಅವಕಾಶ ಹೆಚ್ಚಿರಬೇಕು. 2024ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಮೂರು ಪರೀಕ್ಷೆಗಳ ಪದ್ಧತಿ, ಒಳ್ಳೆಯ ಅಂಕವನ್ನು ಉಳಿಸಿಕೊಳ್ಳುವ ಅನುಕೂಲದೊಡನೆ, ಕೃಪಾಂಕಕ್ಕಿಂತ ಎಷ್ಟೋ ಮೇಲು.

ಕೈಹಿಡಿಯುವುದು ಎಂದರೆ ಹೇಗೆ?

ಇದಕ್ಕೆ ದೂರ ಹೋಗಬೇಕಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಪಾಠವನ್ನು ಸಣ್ಣ ಮೆಟ್ಟಿಲುಗಳ ಏಣಿಯಾಗಿ ಮಾಡಿದ್ದಾರೆ. ಹದಿನೈದು ದಿನ ಶಾಲೆ ತಪ್ಪಿಸಿದ ಮಗು ವಾಪಸು ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಅಲ್ಲಿ ಪಾಸ್, ಫೇಲ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಹೋಗಿ ಪುಸ್ತಕದ ಓಟ ಶುರುವಾಗುತ್ತದೆ ಎನ್ನುವುದು ಬೇರೆ ಮಾತು.

ಇನ್ನೊಂದು, ‘ಪ್ರಥಮ್’ ಸಂಸ್ಥೆ ಬೆಳೆಸಿದ ವಿಧಾನ. 2000ದ ದಶಕದ ಆರಂಭದಲ್ಲಿ ವಡೋದರಾ ಮತ್ತು ಮುಂಬೈನ ಸರ್ಕಾರಿ ಶಾಲೆಗಳಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ತರಗತಿಯಿಂದ ಹೊರಗೆ ಕರೆದು, ಅದೇ ಊರಿನ ಯುವತಿಯೊಬ್ಬರು ಓದು, ಲೆಕ್ಕದ ಮೂಲಪಾಠ ಹೇಳಿಕೊಟ್ಟರು. ಇದನ್ನು ಅಳೆದವರಲ್ಲಿ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಮಕ್ಕಳ ಅಂಕ ಸ್ಪಷ್ಟವಾಗಿ ಏರಿತು, ಅದೂ ತೀರಾ ಹಿಂದಿದ್ದವರಲ್ಲೇ ಹೆಚ್ಚು. ಮುಂದೆ ಮೂರು, ನಾಲ್ಕು, ಐದನೇ ತರಗತಿಯವರನ್ನು ಒಟ್ಟಿಗೆ ಸೇರಿಸಿ, ವಯಸ್ಸು ಬಿಟ್ಟು, ಓದುವ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವ ಪದ್ಧತಿ ಇದರಿಂದಲೇ ಬೆಳೆಯಿತು. ಮಗು ತನ್ನ ಗೆಳೆಯರೊಡನೆ ಆರನೇ ತರಗತಿಗೆ ಹೋಗುತ್ತದೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ದಶಕ ತರುವುದನ್ನು ಕಲಿಯುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದ್ದೂ ಸುಲಭ. ಅಂಕಪಟ್ಟಿ ಬದಿಗಿಟ್ಟು, ಮಗುವಿಗೆ ಎರಡು ತರಗತಿ ಕೆಳಗಿನ ಪುಸ್ತಕ ಕೊಟ್ಟು ಒಂದು ಪುಟ ಜೋರಾಗಿ ಓದಲು ಹೇಳಿ. ದಶಕ ತರುವ ಒಂದು ಕಳೆಯುವ ಲೆಕ್ಕ ಕೊಡಿ. ಎಲ್ಲಿ ತಡವರಿಸಿತೋ ಅದನ್ನೇ ಗುರುತು ಹಾಕಿಕೊಂಡು ಹೋಗಿ ಶಿಕ್ಷಕರಿಗೆ ತೋರಿಸಿ. ‘ನನ್ನ ಮಗ ವೀಕು’ ಎನ್ನುವುದಕ್ಕಿಂತ ‘ದಶಕ ತರುವುದು ಬರುತ್ತಿಲ್ಲ’ ಎಂದರೆ ಅವರಿಗೂ ಹಿಡಿ ಸಿಗುತ್ತದೆ. ಅದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದೆ ‘ದಡ್ಡ’ ಎನಿಸಿಕೊಂಡ ಮಕ್ಕಳು ಕಡಿಮೆಯಿಲ್ಲ. ಮಾತಿನಲ್ಲಿ ಚುರುಕಾಗಿದ್ದು ಅಕ್ಷರದಲ್ಲಿ ಮಾತ್ರ ಸದಾ ಎಡವುವ ಮಗುವಿಗೆ ಡಿಸ್‌ಲೆಕ್ಸಿಯಾ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಕಲಿಕಾ ನ್ಯೂನತೆಯನ್ನೂ ಗುರುತಿಸುತ್ತದೆ. ಸರಿಯಾದ ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ.

ಫಲಿತಾಂಶದ ದಿನ ಮಗು ಊಟ ಬಿಟ್ಟು ಮೂಲೆ ಸೇರಿದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡಿದರೆ, ಒಂಟಿಯಾಗಿ ಬಿಡಬೇಡಿ. ಟೆಲಿಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎಂಟನೇ ತರಗತಿಯೊಳಗಿನ ಮಗುವನ್ನು ‘ಫೇಲ್ ಮಾಡುತ್ತೇವೆ, ಇಲ್ಲವಾದರೆ ಟಿ.ಸಿ. ತೆಗೆದುಕೊಳ್ಳಿ’ ಎಂದು ಯಾವುದಾದರೂ ಶಾಲೆ ಹೇಳಿದರೆ, ಆ ಮಾತನ್ನು ಬರಹದಲ್ಲಿ ಕೊಡಲು ಕೇಳಿ. 2019ರ ತಿದ್ದುಪಡಿಯ ನಂತರವೂ ಆ ವಯಸ್ಸಿನ ಮಗುವನ್ನು ಹೊರಹಾಕಲು ಕಾಯ್ದೆ ಬಿಡುವುದಿಲ್ಲ. ಬರಹ ಕೊಡಲಿ ಬಿಡಲಿ, ದೂರನ್ನು ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.